ಹೊಳೆಯುವುದೇ ಬೇರೆ, ಬೆಳಗುವುದೇ ಬೇರೆ

ಬೆಳಕಿನ ಮೂಲಗಳ ಪಾಠಕ್ಕೆ ಹಲಗೆ ಮೇಲೆ ಗೆರೆ ಎಳೆದು, ಈ ಕಡೆ ನೈಸರ್ಗಿಕ, ಆ ಕಡೆ ಕೃತಕ ಎಂದು ಬರೆಸುವುದು ರೂಢಿ. ಸೂರ್ಯ, ನಕ್ಷತ್ರ ಆದ ಮೇಲೆ, ಸ್ವಂತ ಬೆಳಕಿಲ್ಲದ ಚಂದ್ರನೂ ಬಂದೇ ಬರುತ್ತಾನೆ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಯಾವುದು ತಾನೇ ಬೆಳಗುತ್ತದೆ, ಯಾವುದು ಬರೀ ಹೊಳೆಯುತ್ತದೆ ಎಂಬುದನ್ನು ಅವರು ಮೊದಲು ಕಣ್ಣಾರೆ ನೋಡಬೇಕು. ವಿಂಗಡಣೆ ಆಮೇಲೆ.

ಬೂಟಿನ ಡಬ್ಬಿಯೊಂದು ಸಾಕು. ಒಳಗೆಲ್ಲ ಕಪ್ಪು ಹಾಳೆ ಅಂಟಿಸಿ. ಒಂದು ಬದಿಗೆ ಇಣುಕಲು ಕಡಲೆಕಾಳಿನಷ್ಟು ತೂತು. ಮುಚ್ಚಳದಲ್ಲಿ ಎರಡು ಬೆರಳಗಲದ ಕಿಂಡಿ, ಅದನ್ನು ಮುಚ್ಚಲು ರಟ್ಟಿನ ತುಂಡು. ಒಳಗೆ ಸ್ಟೀಲ್ ಚಮಚ, ಚೌಕಟ್ಟಿನ ಪುಟ್ಟ ಕನ್ನಡಿ, ಟ್ರ್ಯಾಕ್ಟರ್ ಟ್ರಾಲಿ ಹಿಂದೆ ಅಂಟಿಸುತ್ತಾರಲ್ಲ, ಆ ರೇಡಿಯಂ ತುಂಡು ಇಡಿ. ಇಣುಕುವ ಮುಂಚೆ "ಕಾಣತೈತೇನು?" ಎಂದು ಕೇಳಿ. "ಹೂಂ ರೀ, ರೇಡಿಯಂ ಹೊಳಿತೈತಲ್ರಿ" ಎನ್ನುತ್ತಾರೆ. ಇಣುಕಿದರೆ ಏನೂ ಇಲ್ಲ, ಗವ್ವೆನ್ನುವ ಕತ್ತಲು. ಕಿಂಡಿಯಿಂದ ಟಾರ್ಚ್ ಬಿಟ್ಟರೆ ಮೂರೂ ಥಟ್ಟನೆ ಹೊಳೆಯುತ್ತವೆ. ಕೊನೆಗೆ ಆ ಮೂರನ್ನೂ ತೆಗೆದು, ಟಾರ್ಚನ್ನೇ ಹೊತ್ತಿಸಿ ಒಳಗಿಟ್ಟು ಕಿಂಡಿ ಮುಚ್ಚಿ. ಅದು ಮಾತ್ರ ಕಾಣುತ್ತಲೇ ಇರುತ್ತದೆ. ಗುಂಡಿ ಸೆಲ್ಲಿನ ಆಟಿಕೆ ದೀಪ ಬೇಡವೇ ಬೇಡ, ಮಗು ನುಂಗಿದರೆ ಅನ್ನನಾಳ ಸುಡುತ್ತದೆ.

ಪ್ರಯೋಗ ಕೆಡುವುದು ಸಾಮಾನ್ಯವಾಗಿ ಡಬ್ಬಿಯ ಮೂಲೆಗಳಲ್ಲಿ. ರಾಯಚೂರು, ಬಳ್ಳಾರಿ ಬಿಸಿಲಿಗೆ ಸೂಜಿಮೊನೆಯಷ್ಟು ಸಂದಿ ಸಿಕ್ಕರೂ ಸಾಕು, ಕನ್ನಡಿ ಮಸಕಾಗಿ ಕಂಡುಬಿಡುತ್ತದೆ. "ಕತ್ತಲಾಗೂ ಕಾಣತೈತಿ" ಎಂಬ ತಪ್ಪು ತಿಳಿವಳಿಕೆ ಮತ್ತಷ್ಟು ಗಟ್ಟಿಯಾಗುತ್ತದೆ. ಮೂಲೆಗೆಲ್ಲ ಕಪ್ಪು ಟೇಪ್ ಸುತ್ತಿ, ಮುಚ್ಚಳದ ಅಂಚಿಗೆ ದಪ್ಪ ಬಟ್ಟೆ ಹೊದಿಸಿ, ಅಂಗಳ ಬಿಟ್ಟು ಕೋಣೆಯೊಳಗೆ ಮಾಡಿ.

ಲಿಂಗಸುಗೂರು ಕಡೆಯ ಮಕ್ಕಳಿಗೆ ಹಟ್ಟಿ ಗಣಿಯ ಮಾತು ತೆಗೆಯಬಹುದು. ನೆಲದಾಳದಲ್ಲಿ ಬಂಗಾರದ ಅದಿರಿದ್ದರೂ ಕಾರ್ಮಿಕರು ತಲೆಗೆ ದೀಪ ಕಟ್ಟಿಕೊಂಡೇ ಇಳಿಯಬೇಕು.

ಇನ್ನು ವಿಂಗಡಣೆ. "ಮನುಷ್ಯರೇ ಇರದಿದ್ದರೂ ಇದು ಬೆಳಗುತ್ತಿತ್ತೇ?" ಎಂಬ ಒಂದೇ ಪ್ರಶ್ನೆ ಸಾಕು. ಸಿಡಿಲಿನ ಮಿಂಚು, ಮಿಂಚುಹುಳ ಒಂದು ಕಡೆ. ಹಣತೆ, ಕಂದೀಲು, ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಂಪಗೆ ಹರಿಯುವ ಕಬ್ಬಿಣ ಇನ್ನೊಂದು ಕಡೆ. ಕೃತಕವೆಂದರೆ ಕರೆಂಟು ಎಂದುಕೊಂಡವರಿಗೆ ಈ ಕಬ್ಬಿಣದ ಉದಾಹರಣೆ ಬೇಕೇ ಬೇಕು. ಸೋಲಾರ್ ಬೀದಿದೀಪ ಗೊಂದಲ ಮಾಡುತ್ತದೆ. ಬಿಸಿಲಿನಿಂದ ಬ್ಯಾಟರಿ ತುಂಬಿದರೂ ರಾತ್ರಿ ಬೆಳಗುವುದು ಎಲ್‌ಇಡಿ, ಹಾಗಾಗಿ ಕೃತಕ.

ಚಂದ್ರನಿಗೆ ಡಬ್ಬಿ ಸಾಲದು. ಹುಣ್ಣಿಮೆ ಕಳೆದ ಸಪ್ತಮಿ, ಅಷ್ಟಮಿಯ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಪಶ್ಚಿಮದ ಆಕಾಶದಲ್ಲಿ ಅರ್ಧಚಂದ್ರ ಇನ್ನೂ ಇರುತ್ತಾನೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿ ಚೆಂಡೊಂದನ್ನು ಚಂದ್ರನ ಪಕ್ಕಕ್ಕೆ ಕಾಣುವಂತೆ ಕೈ ಚಾಚಿ ಹಿಡಿಯಬೇಕು. ಚೆಂಡಿನ ಮೇಲೆ ನೇರ ಬಿಸಿಲು ಬೀಳಲಿ, ಬೇವಿನ ನೆರಳಲ್ಲಿ ನಿಂತರೆ ಏನೂ ತಿಳಿಯದು. ಚಂದ್ರನ ಯಾವ ಮಗ್ಗುಲು ಬೆಳ್ಳಗಿದೆಯೋ ಚೆಂಡಿನದೂ ಅದೇ ಮಗ್ಗುಲು.