ಲ್ಯಾನ್ಸ್‌ಡೌನ್ ಕಟ್ಟಡ ಬಿದ್ದಿದ್ದು ಒಂದೇ ದಿನದಲ್ಲಲ್ಲ

2012ರ ಆಗಸ್ಟ್ 25ರಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೇ ಕಟ್ಟಡ, ಬೀಳದೆ ಇನ್ನೇನಾಗುತ್ತೆ ಅಂತ ಆಗ ತುಂಬಾ ಜನ ಅಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಇಟ್ಟಿಗೆ-ಗಾರೆಯ ಕಟ್ಟಡ ವಯಸ್ಸಾಯಿತು ಅಂತ ಸುಮ್ನೆ ಬೀಳುವುದಿಲ್ಲ. ಅದನ್ನು ಬೀಳಿಸುವುದು ಹೆಚ್ಚಾಗಿ ನೀರು.

ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿಸಿದ್ದು ಇದು. ಅಂಗಡಿಗಳ ಸಾಲು, ಅದರಲ್ಲಿ ಹಳೇ ಪುಸ್ತಕ ಮಾರುವವರೂ ಇದ್ದರು. ಒಡೆತನ ನಗರಪಾಲಿಕೆಯದು.

ಆ ಕಾಲದ ಇಂಥ ಕಟ್ಟಡಗಳಿಗೆ ಸಾಮಾನ್ಯವಾಗಿ ಮದ್ರಾಸ್ ತಾರಸಿ ಇರುತ್ತದೆ. ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಮಳೆನೀರು ಹೋಗುವ ಕೊಳವೆ ಕಟ್ಟಿಕೊಂಡರೆ ನೀರು ತಾರಸಿಯಲ್ಲೇ ನಿಂತು, ಗೋಡೆಗಿಳಿದು, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು ಕೊಳೆಸುತ್ತದೆ, ಹೊರಗೆ ನಿಂತು ನೋಡುವವರಿಗೆ ಮಾತ್ರ ಏನೂ ಕಾಣುವುದಿಲ್ಲ. ಬಿರುಕಿನಲ್ಲಿ ಅರಳಿ ಗಿಡ ಹುಟ್ಟುತ್ತದೆ. ಅದನ್ನು ಬುಡಕ್ಕೆ ಕತ್ತರಿಸಿ ಬಿಟ್ಟರೆ ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಸುಣ್ಣದ ಗೋಡೆ ತೇವ ಹೀರಿದರೂ ಮತ್ತೆ ಒಣಗುತ್ತದೆ. ಬಿರುಕು ಮುಚ್ಚೋಕೆ ಅಂತ ಅದರ ಮೇಲೆ ಸಿಮೆಂಟ್ ಬಳಿದರೆ ಆ ತೇವ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ದುರಸ್ತಿ ಅಂದುಕೊಂಡು ಎಷ್ಟೋ ಕಡೆ ಮಾಡಿದ್ದು ಇದನ್ನೇ, ಹಾಗಾಗಿ ಹಾನಿ ಜಾಸ್ತಿಯೇ ಆಯಿತು.

ನಾಲ್ಕು ವರ್ಷ ಕಳೆಯಿತು. 2016ರ ಆಗಸ್ಟ್ 28ರಂದು ಮೈಸೂರಿನದೇ ಇನ್ನೊಂದು ಹಳೇ ಕಟ್ಟಡ ದೇವರಾಜ ಮಾರುಕಟ್ಟೆಯ ಉತ್ತರದ ಭಾಗವೂ ಕುಸಿಯಿತು. ಅಲ್ಲಿಂದ ಎರಡೂ ಕಟ್ಟಡಗಳದ್ದು ಒಂದೇ ಜಗಳ. ಕೆಡವಿ ಅದೇ ರೂಪದಲ್ಲಿ ಕಟ್ಟೋಣ ಅನ್ನುವವರು ಒಂದು ಕಡೆ, ಇರುವುದನ್ನೇ ಗಟ್ಟಿ ಮಾಡಬಹುದು ಅನ್ನುವ ಪರಂಪರೆ ತಜ್ಞರು ಇನ್ನೊಂದು ಕಡೆ. ಸಮಿತಿಗಳು ಬಂದವು, ವರದಿಗಳು ಬಂದವು, ವಿಷಯ ಹೈಕೋರ್ಟಿಗೂ ಹೋಯಿತು.

ಜನರ ಜೀವಕ್ಕಿಂತ ಗೋಡೆ ದೊಡ್ಡದು ಅಂತ ಯಾರೂ ಹೇಳುವುದಿಲ್ಲ. ಆದರೆ ಕಾಂಕ್ರೀಟ್ ಕಂಬಗಳ ಮೇಲೆ ಹಳೇ ಮುಖ ಅಂಟಿಸಿದರೆ ಅದು ಹೊಸ ಕಟ್ಟಡವೇ, ಅಲ್ವಾ? ಕೊಳೆತ ತೊಲೆ ಬದಲಿಸಬಹುದು, ಬಿರುಕಿಗೆ ಸುಣ್ಣದ ತಿಳಿಗಾರೆ ತುಂಬಬಹುದು, ಕಮಾನುಗಳಿಗೆ ಸ್ಟೀಲ್ ಪಟ್ಟಿಯ ಆಸರೆ ಕೊಡಬಹುದು. ವಾದ ಮುಗಿಯುವವರೆಗೆ ಕಟ್ಟಡವನ್ನು ಮಳೆಗೆ ಬಿಟ್ಟು ಕೂರುವುದು ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದರೆ ಹಾಗೆ ಬಿಟ್ಟ ಪ್ರತಿ ಮಳೆಗಾಲವೂ ಕೆಡವಬೇಕು ಅನ್ನುವವರ ಕೈಗೆ ಇನ್ನೊಂದು ಬಿರುಕು ಕೊಡುತ್ತದೆ.