ನೂರು ಮೀಟರ್ ಸರಿ, ಆದರೆ ಯಾವುದರಿಂದ?

ರಷ್ಯಾದ ಸ್ಮೋಲೆನ್‌ಸ್ಕ್ ವಿಮಾನ ದುರಂತದ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ: “ಎತ್ತರ ತೋರಿಸುವ ಮೀಟರ್ ಇತ್ತಲ್ಲ, ನ್ಯಾವಿಗೇಟರ್ ಓದಿ ಹೇಳ್ತಾನೂ ಇದ್ದ, ಆದ್ರೂ ಮರಕ್ಕೆ ಹೊಡೆದದ್ದು ಹೇಗೆ?” ಅಲ್ಲಿಂದ ಚರ್ಚೆ ಸೀದಾ ಪಿತೂರಿ, ಸ್ಫೋಟಗಳತ್ತ ಹೊರಳುತ್ತದೆ. ಉತ್ತರ ಆತ ಓದಿದ ಅಂಕಿಗಳಲ್ಲೇ ಇರುವಾಗ ಹೀಗಾಗುವುದು ಬೇಸರ ತರಿಸುತ್ತದೆ.

2010ರ ಏಪ್ರಿಲ್ 10. ಪೋಲೆಂಡ್ ವಾಯುಪಡೆಯ ಟಿಯು-154ಎಂನಲ್ಲಿ ಅಧ್ಯಕ್ಷ ಲೆಖ್ ಕಚಿನ್‌ಸ್ಕಿ ಸೇರಿ 96 ಜನ. ಸ್ಮೋಲೆನ್‌ಸ್ಕ್ ಉತ್ತರ ವಾಯುನೆಲೆಯಲ್ಲಿ ಐಎಲ್‌ಎಸ್, ಅಂದರೆ ರೇಡಿಯೋ ಸಂಕೇತದಿಂದ ರನ್‌ವೇಗೆ ಇಳಿಯುವ ದಾರಿ ತೋರಿಸುವ ವ್ಯವಸ್ಥೆ, ಇರಲಿಲ್ಲ. ಎರಡು ರೇಡಿಯೋ ಬೀಕನ್, ರೇಡಾರ್ ನೋಡುತ್ತ ಹೇಳುವ ನಿಯಂತ್ರಕನ ದನಿ, ಅಷ್ಟೇ ಆಧಾರ. ಇಳಿಯಲು ಕನಿಷ್ಠ 1000 ಮೀಟರ್ ಗೋಚರತೆ ಬೇಕು. ಸಿಬ್ಬಂದಿಗೆ ತಿಳಿಸಿದ್ದೇ 400. ಅದಕ್ಕೆ ಮೊದಲು ರಷ್ಯಾದ ಐಎಲ್-76 ಒಂದು ಇಳಿಯಲು ನೋಡಿ, ಆಗದೆ ಬೇರೆ ಕಡೆ ಹೋಗಿತ್ತು. ಟಿಯು-154 ಸಿಬ್ಬಂದಿ 100 ಮೀಟರ್‌ವರೆಗೆ ಇಳಿದು, ರನ್‌ವೇ ಕಾಣದಿದ್ದರೆ ಮೇಲೇರಬೇಕಿತ್ತು.

ಎಡವಿದ್ದು ಈ 100ರಲ್ಲಿ; ಅದು ರನ್‌ವೇ ಮಟ್ಟದಿಂದ ಎಣಿಸಬೇಕಾದ ಎತ್ತರ. ಬ್ಯಾರೋಮೆಟ್ರಿಕ್ ಆಲ್ಟಿಮೀಟರ್ ಗಾಳಿಯ ಒತ್ತಡ ಅಳೆಯುತ್ತದೆ. ವಾಯುನೆಲೆಯ ಒತ್ತಡಕ್ಕೆ ಹೊಂದಿಸಿದರೆ ರನ್‌ವೇ ಮಟ್ಟದಿಂದ ಎಷ್ಟು ಮೇಲಿದ್ದೀರಿ ಎಂದು ಹೇಳುತ್ತದೆ. ರೇಡಿಯೋ ಆಲ್ಟಿಮೀಟರ್ ನೇರ ಕೆಳಕ್ಕೆ ಅಲೆ ಕಳಿಸಿ, ಆ ಕ್ಷಣ ಹೊಟ್ಟೆಯಡಿ ಇರುವ ನೆಲದಿಂದ ದೂರ ಹೇಳುತ್ತದೆ. ಅದಕ್ಕೆ ಮುಂದಿನ ನೆಲ ಗೊತ್ತಿಲ್ಲ, ರನ್‌ವೇ ಯಾವ ಮಟ್ಟದಲ್ಲಿದೆ ಎನ್ನುವುದೂ ಗೊತ್ತಿಲ್ಲ. ಸಮತಟ್ಟು ಜಾಗದಲ್ಲಿ ಎರಡೂ ಸರಿಸುಮಾರು ಒಂದೇ ತೋರಿಸುವುದರಿಂದ ವ್ಯತ್ಯಾಸ ಮರೆತುಹೋಗುತ್ತದೆ. ಮಂಗಳೂರಿನ ಬಜ್ಪೆಯಂಥ, ಗುಡ್ಡದ ನೆತ್ತಿಯ ಮೇಲಿನ ಟೇಬಲ್‌ಟಾಪ್ ನಿಲ್ದಾಣಕ್ಕೆ ಹಾರುವವರು ಮರೆಯುವ ಹಾಗಿಲ್ಲ.

ಸ್ಮೋಲೆನ್‌ಸ್ಕ್‌ನಲ್ಲಿ ರನ್‌ವೇಗೆ ಮುಂಚೆ ಸುಮಾರು 60 ಮೀಟರ್ ಆಳದ ಕಣಿವೆಯಿದೆ. ನ್ಯಾವಿಗೇಟರ್ ಓದುತ್ತಿದ್ದದ್ದು ರೇಡಿಯೋ ಆಲ್ಟಿಮೀಟರ್. ಆತ “ನೂರು” ಎಂದ. ಕೆಲವು ಸೆಕೆಂಡ್ ಬಿಟ್ಟು ಮತ್ತೆ “ನೂರು” ಎಂದ. ನಡುವೆ ವಿಮಾನ ಹತ್ತಾರು ಮೀಟರ್ ಇಳಿದಿತ್ತು, ಅಡಿಯ ನೆಲವೂ ಜೊತೆಗೇ ಇಳಿದಿತ್ತು. ಆಮೇಲೆ ಕಣಿವೆಯ ಆಚೆಯ ಏರು ಶುರುವಾಯಿತು: ವಿಮಾನ ಕೆಳಕ್ಕೆ, ನೆಲ ಮೇಲಕ್ಕೆ. ಅಲ್ಲಿಗೆ ನಿಗದಿಯಾದ ಸುಮಾರು 2.7 ಡಿಗ್ರಿ ಇಳಿಜಾರಿಗೆ, ಆ ವೇಗದಲ್ಲಿ ಸೆಕೆಂಡಿಗೆ 4 ಮೀಟರ್‌ಗಿಂತ ಕಡಿಮೆ ಇಳಿದರೆ ಸಾಕು. ಇವರು ಅದರ ದುಪ್ಪಟ್ಟು ವೇಗದಲ್ಲಿ ಇಳಿಯುತ್ತಿದ್ದರು.

ಕಮಾಂಡರ್ ಮುಂದಿನ ಆಲ್ಟಿಮೀಟರ್ ಯಾಕೆ ಉಳಿಸಲಿಲ್ಲ? ಅದನ್ನು ಕೊನೆ ನಿಮಿಷದಲ್ಲಿ ವಾಯುನೆಲೆಯ 745 ಮಿ.ಮೀ. ಪಾದರಸದಿಂದ ಪ್ರಮಾಣಿತ 760ಕ್ಕೆ ಬದಲಿಸಲಾಗಿತ್ತು. ನೆಲದ ಬಳಿ ಒಂದು ಮಿ.ಮೀ.ಗೆ ಸುಮಾರು 11 ಮೀಟರ್, 15 ಮಿ.ಮೀ.ಗೆ 165 ಮೀಟರ್ ಸುಳ್ಳು ಎತ್ತರ. ನೆಲ ಹತ್ತಿರವಾದರೆ ಕೂಗುವ ಎಚ್ಚರಿಕೆ ಸಾಧನವನ್ನು ಸುಮ್ಮನಾಗಿಸಲು ಹೀಗೆ ಮಾಡಿರಬೇಕು ಎನ್ನುವುದು ತನಿಖೆಯ ಊಹೆ; ಆ ವಾಯುನೆಲೆ ಸಾಧನದ ದತ್ತಾಂಶದಲ್ಲೇ ಇರಲಿಲ್ಲ, ಹಾಗಾಗಿ ಅದು ಹೇಗೂ ಕೂಗುತ್ತಿತ್ತು. ಸಹ-ಪೈಲಟ್ ಮುಂದಿನ ಮೀಟರ್ ಸರಿಯಾಗಿ 745ರಲ್ಲೇ ಇತ್ತು. ಅದನ್ನು ಗಟ್ಟಿಯಾಗಿ ಓದಿ ಹೇಳುವವರು ಇರಲಿಲ್ಲ.

ಮೇಲೇರುವ ಮಾತು ಬಂದಿತ್ತು ಎನ್ನುವುದನ್ನೂ ಹೇಳಬೇಕು. ಸತ್ತವರಿಗೆ ನಾವು ಅಷ್ಟಾದರೂ ನ್ಯಾಯ ಮಾಡಬೇಕು. ಆಟೋಪೈಲಟ್‌ನ ಗೋ-ಅರೌಂಡ್ ಗುಂಡಿ ಒತ್ತಿ ಮೇಲೇರಲು ಹೊರಟಿದ್ದರು ಎಂದು ಪೋಲೆಂಡ್‌ನ ಸಮಿತಿ ತೀರ್ಮಾನಿಸಿದೆ. ಐಎಲ್‌ಎಸ್ ಇಲ್ಲದ ಕಡೆ ಆ ಗುಂಡಿ ಕೆಲಸ ಮಾಡುವುದಿಲ್ಲ. ಅದು ಅರಿವಿಗೆ ಬಂದು ಕೈಯಿಂದ ಎಳೆಯುವ ಹೊತ್ತಿಗೆ ಅಮೂಲ್ಯ ಸೆಕೆಂಡುಗಳು ಹೋಗಿದ್ದವು. ರನ್‌ವೇ ಇನ್ನೂ ಸುಮಾರು 850 ಮೀಟರ್ ದೂರವಿದ್ದಾಗ ಎಡ ರೆಕ್ಕೆ ಬರ್ಚ್ ಮರಕ್ಕೆ ಬಡಿದು ತುದಿ ಕಳಚಿತು. ವಿಮಾನ ಮಗುಚಿ ಬಿತ್ತು.

ಗಣ್ಯರ ಒತ್ತಡ ಎಷ್ಟಿತ್ತು, “ಪಥದಲ್ಲೇ ಇದ್ದೀರಿ” ಎಂದ ನಿಯಂತ್ರಕರ ಪಾಲು ಎಷ್ಟು ಎಂಬುದರಲ್ಲಿ 2011ರ ರಷ್ಯನ್ ಮತ್ತು ಪೋಲಿಷ್ ವರದಿಗಳು ಒಪ್ಪುವುದಿಲ್ಲ. ಅದರ ತೀರ್ಪು ಇಲ್ಲಿಂದ ಕೊಡಲಾಗದು. ಕನಿಷ್ಠ ಎತ್ತರದ ಕೆಳಗೆ ಇಳಿದದ್ದರ ಬಗ್ಗೆ ಎರಡೂ ಒಂದೇ ಮಾತು ಹೇಳುತ್ತವೆ. ಇಂಥ ಇಳಿಕೆಯಲ್ಲಿ ಎತ್ತರ ಕೂಗುವವರು ಅಂಕಿಯ ಜೊತೆ ಮೀಟರ್‌ನ ಹೆಸರನ್ನೂ ಹೇಳಬೇಕು: “ಬ್ಯಾರೋ ನೂರು.” ರನ್‌ವೇ ಕಾಣದಿದ್ದರೆ ಅದೇ ಉಸಿರಿನಲ್ಲಿ ಥ್ರಾಟಲ್ ಮುಂದಕ್ಕೆ, ಕಂಟ್ರೋಲ್ ಕಾಲಮ್ ಹಿಂದಕ್ಕೆ, ಗುಂಡಿಯನ್ನು ನೆಚ್ಚದೆ ಕೈಯಿಂದಲೇ.