ಗುಡ್ಡ, ಕೊಳ್ಳ, ಮಡ್ಡಿ: ಸೈಕಲ್ ಹೋಗುವ ದಾರಿ ಯಾರದು?

ಬಾದಾಮಿ ಗುಡ್ಡದ ಬುಡಕ್ಕೋ ಗೋಕಾಕದ ಮಡ್ಡಿಗೋ ಮೌಂಟೇನ್ ಬೈಕ್ ಹತ್ತಿ ಹೊರಟವರಿಗೆ ಎಲ್ಲೋ ಒಂದು ಕಡೆ ಜಾಲಿಮುಳ್ಳಿನ ಬೇಲಿ ಅಡ್ಡ ಬಂದೇ ಬರುತ್ತದೆ. ಮೊಬೈಲ್‌ನಲ್ಲಿ ದಾರಿ ಮುಂದೆ ಹೋಗಿರುತ್ತದೆ, ನೆಲದ ಮೇಲೆ ತೊಗರಿ ನಿಂತಿರುತ್ತದೆ. ಬೇಲಿ ಹಾಕಿದವನನ್ನು ಬೈದು ಫಲವಿಲ್ಲ. ಆ ಜಾಗ ದಾರಿಯೋ ಹೊಲವೋ ಎಂಬ ಪ್ರಶ್ನೆಗೆ ಉತ್ತರ ಇರುವುದು ಮುಂಬೈ ಪ್ರಾಂತದ ಕಾಲದ ಮೋಜಣಿಯಲ್ಲಿ.

ಬೆಳಗಾವಿ, ಧಾರವಾಡ, ವಿಜಯಪುರದ ಸೀಮೆಯನ್ನು ಬ್ರಿಟಿಷರು ಹೊಲ ಹೊಲವಾಗಿ ಅಳೆಯತೊಡಗಿದ್ದು 1840ರ ದಶಕದಲ್ಲಿ, ವಿಂಗೇಟ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ. ಅಳತೆಗೆ 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಇವತ್ತಿಗೂ ಗುಂಟೆ ಎಂದರೆ 1,089 ಚದರ ಅಡಿ ಆಗಿರುವುದು ಹೀಗೆ. ಮೋಜಣಿಯ ಉದ್ದೇಶ ಕಂದಾಯವೇ ಹೊರತು ಸಂಚಾರವಲ್ಲ. ಹಾಗಾಗಿ ಚಕ್ಕಡಿ ದಾರಿಯನ್ನು ಜೋಡಿ ಚುಕ್ಕೆ ಗೆರೆಯಲ್ಲಿ, ಕಾಲುದಾರಿಯನ್ನು ಒಂಟಿ ಚುಕ್ಕೆ ಗೆರೆಯಲ್ಲಿ ಬರೆದು, ಕಂದಾಯ ಬಾರದ ನೆಲವನ್ನು ಖರಾಬ್ ಎಂದು ಕಳೆದರು. ಎಷ್ಟೋ ಕಾಲುದಾರಿಗಳನ್ನು ನಕಾಶೆಯಲ್ಲಿ ತೋರಿಸಿದರೂ ಅವುಗಳ ನೆಲವನ್ನು ಹೊಲದ ಲೆಕ್ಕದಿಂದ ಕಳೆಯಲಿಲ್ಲ. ಇವತ್ತಿನ ಜಗಳದ ಅರ್ಧ ಬೇರು ಅಲ್ಲಿದೆ.

ಮುಂದೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ, 1966ರ ಅದರ ನಿಯಮಗಳು ಖರಾಬನ್ನು ಎರಡು ಮಾಡಿದವು. ಕಲ್ಲು, ಕೊರಕಲಿನಂಥ ಸಾಗುವಳಿಗೆ ಬಾರದ ನೆಲ ‘ಎ’ ಖರಾಬ್. ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ‘ಬಿ’ ಖರಾಬ್. ಉತಾರದ (ಪಹಣಿಯ) ಮೂರನೇ ಕಾಲಮ್ಮಿನಲ್ಲಿ ಎರಡೂ ಬೇರೆ ಬೇರೆ ಕಾಣುತ್ತವೆ. ‘ಬಿ’ ಖರಾಬಿನಲ್ಲಿರುವ ದಾರಿಗೆ ಬೇಲಿ ಹಾಕಿದರೆ ಅದು ಒತ್ತುವರಿ. ಒಂಟಿ ಚುಕ್ಕೆಯ ಕಾಲುದಾರಿ ಖರಾಬಿನಲ್ಲಿ ಇಲ್ಲದಿದ್ದರೆ ಊರವರ ರೂಢಿಯೇ ಆಧಾರ, ಹೊರಗಿನಿಂದ ಬಂದ ಸೈಕಲ್ಲಿನವರು ಕೇಳಿಯೇ ಹೋಗಬೇಕು. ಹೊಲದವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಬಿತ್ತಿದ ಸಾಲು ತುಳಿದರೆ ಮಾತ್ರ ಸಿಟ್ಟು ಬರುತ್ತದೆ, ಅದು ನ್ಯಾಯವೂ ಹೌದು.

ಹೊರಡುವ ಮೊದಲು ಮನೆಯಲ್ಲೇ ಇಷ್ಟು ನೋಡಿಕೊಳ್ಳಬಹುದು. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವುಗಳ ಸಾಮಾನ್ಯ ಅಳತೆ ಒಂದು ಇಂಚಿಗೆ 660 ಅಡಿ, ಅಂದರೆ 20 ಸರಪಳಿ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ಸಾಕು. ಆದರೆ ಗ್ರಾಮ ನಕಾಶೆಯಲ್ಲಿ ಏರಿಳಿತ ಇರುವುದಿಲ್ಲ. ಅದಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆ ಬೇಕು. ಅದರಲ್ಲಿ ಎತ್ತರದ ಗೆರೆಗಳು 20 ಮೀಟರಿಗೊಂದು. ನಕ್ಷೆಯ ಮೇಲೆ ಎರಡು ಗೆರೆಗಳ ನಡುವೆ 4 ಮಿಲಿಮೀಟರ್ ಇದ್ದರೆ ನೆಲದ ಮೇಲೆ 200 ಮೀಟರಿಗೆ 20 ಮೀಟರ್ ಏರು, ಅಂದರೆ ನೂರಕ್ಕೆ ಹತ್ತು. ಸಣ್ಣ ಗೇರಿನಲ್ಲಿ ಕೂತೇ ತುಳಿಯಬಹುದು. 2 ಮಿಲಿಮೀಟರ್ ಇದ್ದರೆ ನೂರಕ್ಕೆ ಇಪ್ಪತ್ತು, ಸಡಿಲ ಗರಸಿನಲ್ಲಿ ಹೆಚ್ಚಿನವರು ಇಳಿದು ತಳ್ಳುತ್ತಾರೆ. ಚಕ್ಕಡಿ ದಾರಿಗಳು ಈ ಲೆಕ್ಕದಲ್ಲಿ ಹಿತ, ಏಕೆಂದರೆ ಹೇರು ಹೊತ್ತ ಎತ್ತು ನೆಟ್ಟಗಿನ ಏರು ಹತ್ತುವುದಿಲ್ಲ, ದಾರಿ ಗುಡ್ಡವನ್ನು ಬಳಸಿಕೊಂಡೇ ಹೋಗುತ್ತದೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡ ಹಾದು ಹೋಗುವ ಹಳೆಯ ಹಾದಿಯಂಥವು ನಡೆಯುವವರಿಗೆ ಆದವು. ಅಂಥಲ್ಲಿ ಮೆಟ್ಟಿಲು, ಬಂಡೆ ಬಂದಾಗ ಸೈಕಲ್ ಹೆಗಲ ಮೇಲೆ. ಸ್ಮಾರಕಗಳ ಆವರಣದೊಳಗೆ ಅದನ್ನು ಒಯ್ಯುವ ಮಾತೇ ಇಲ್ಲ.

ಇನ್ನು ಈ ಸೈಕಲ್ಲಿನ ಹುಟ್ಟು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಇಳಿಸತೊಡಗಿದರು. 1976ರಲ್ಲಿ ಶುರುವಾದ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರು: ಒಂದು ಇಳಿತಕ್ಕೆ ಹಿಂದಿನ ಹಬ್ಬಿನ ಬ್ರೇಕ್ ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಆಟವಾಯಿತು. ಅವರು ಇಳಿದದ್ದೂ ಸೈಕಲ್ಲಿಗಾಗಿ ಮಾಡಿದ ದಾರಿಯಲ್ಲ, ಕಾಡಿನ ಬೆಂಕಿ ತಡೆಯಲು ಕಡಿದ ದಾರಿ. ದಾರಿ ಯಾರದು ಎಂಬ ತಕರಾರು ಅಲ್ಲಿಯೂ ಬೆನ್ನು ಹತ್ತಿತು. ಇಂಗ್ಲೆಂಡಿನಲ್ಲಿ ಮಾತ್ರ ಉತ್ತರ ಮೊದಲೇ ಬರೆದಿಟ್ಟಿತ್ತು. 1968ರ ಕಾಯ್ದೆ ಕುದುರೆ ದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟು, ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂಬ ಷರತ್ತು ಹಾಕಿತು. ಅಲ್ಲಿನ ಬಯಲು ಮಡ್ಡಿಗಳ ಮೇಲೆ ಸೈಕಲ್ ಮಾರ್ಗಗಳು ಹರಡಿದ್ದಕ್ಕೆ ಆ ಒಂದು ಕಲಮಿನ ಪಾಲು ದೊಡ್ಡದು. ವಿಜಯಪುರ, ಬಾಗಲಕೋಟೆ, ಜಮಖಂಡಿ ಸೈಕಲ್ ಸ್ಪರ್ಧಿಗಳಿಗೆ ಹೆಸರಾದ ಊರುಗಳಾದರೂ ಅವರು ಪಳಗಿದ್ದು ಡಾಂಬರಿನ ಮೇಲೆ. ಹೊಲದ ದಾರಿಯ ಹಕ್ಕಿನ ಚರ್ಚೆ ನಮ್ಮಲ್ಲಿ ಸೈಕಲ್ಲಿನ ನೆಪದಲ್ಲಿ ಎದ್ದದ್ದು ಕಡಿಮೆ.

ಆಲಮಟ್ಟಿಯ ಕಥೆ ಬೇರೆ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಹಿನ್ನೀರು ಹಳ್ಳಿಗಳನ್ನೂ ಹಳೆಯ ಬಾಗಲಕೋಟೆಯ ಒಂದು ಭಾಗವನ್ನೂ ನುಂಗಿದಾಗ ಊರುಗಳ ನಡುವಿನ ದಾರಿಗಳೂ ಮುಳುಗಿದವು. ಹಳೆಯ ನಕ್ಷೆ ನಂಬಿ ಹೋದವರು ನೀರಿನ ಅಂಚಿಗೆ ಬಂದು ನಿಲ್ಲುತ್ತಾರೆ. ಬೇಸಿಗೆಯಲ್ಲಿ ನೀರು ಸರಿದಾಗ ಹಳೆಯ ರಸ್ತೆಯ ತುಂಡುಗಳು ಮೇಲೇಳುತ್ತವೆ. ಆಸೆಪಟ್ಟು ಇಳಿಯಬಾರದು: ಹೂಳಿನ ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಅದರಡಿ ಮೊಣಕಾಲು ಹೂಳುವಷ್ಟು ಕೆಸರು ಇರಬಹುದು. ಕೋಲಿನಿಂದ ಕುತ್ತಿ ನೋಡದೆ ಚಕ್ರ ಇಡಬೇಡಿ.

ಪಡುವಣದ ಖಾನಾಪುರ ಕಡೆ ದಾರಿ ಮುಚ್ಚಿದ್ದು ನೀರಲ್ಲ, ಕಾನೂನು. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು, ವಿಸ್ತಾರ ಸುಮಾರು 190 ಚದರ ಕಿಲೋಮೀಟರ್. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಮಿನ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗಲು ಬಿಡುವುದು ಕೆಲವರನ್ನಷ್ಟೇ: ಕರ್ತವ್ಯದಲ್ಲಿರುವ ನೌಕರರು, ಒಳಗೆ ಇರಲು ಅಪ್ಪಣೆ ಪಡೆದವರು, ಅಲ್ಲಿ ಸ್ಥಿರಾಸ್ತಿ ಉಳ್ಳವರು, ಇವರ ಅವಲಂಬಿತರು, ಮತ್ತೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವರು. ಈ ಕೊನೆಯ ಮಾತೇ ಸೈಕಲ್ಲಿನವರ ಗಡಿ. ಹೆಮ್ಮಡಗಾ ಮೂಲಕ ಅನಮೋಡ ಕಡೆಗಿನ ರಸ್ತೆಯಲ್ಲಿ ಹಾದು ಹೋಗುವುದು ಒಂದು. ಅದರಿಂದ ಬದಿಗೆ ಹೊರಳುವ, ಕಡಿದ ಮರ ಸಾಗಿಸುವ ಕೂಪಿನ ದಾರಿ, ಬೆಂಕಿ ರೇಖೆ ಹಿಡಿಯುವುದು ಇನ್ನೊಂದು, ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ಚಿಂಕಾರ ಧಾಮಕ್ಕೂ ಇದೇ ಕಲಮು. ಅಲ್ಲಿ ಮರ ವಿರಳ, ಮಡ್ಡಿ ಬಯಲು, ಕಾಡು ಅನ್ನಿಸುವುದೇ ಇಲ್ಲ. ಗೊತ್ತಿಲ್ಲದೆ ಒಳಗೆ ಸೇರುವವರು ಹೆಚ್ಚು. ಕಣಕುಂಬಿ, ಚೋರ್ಲಾ ಕಡೆಯ ಜಂಬಿಟ್ಟಿಗೆಯ ಮಾಳಗಳು ಧಾಮದ ಹೊರಗಿದ್ದರೂ ಮಳೆಗಾಲದಲ್ಲಿ ಬಿಡುವುದು ಒಳ್ಳೆಯದು. ಬಂಡೆಯ ಮೇಲಿನ ಮಣ್ಣು ಬೆರಳ ದಪ್ಪವಷ್ಟೇ; ಹೂ ಬಿಡುವ ಆ ಪದರ ಒಂದು ಸಲ ಟೈರಿಗೆ ಕಿತ್ತು ಬಂದರೆ ಬೇಗ ಕೂಡುವುದಿಲ್ಲ. ಪಾಚಿ ಕಟ್ಟಿದ ಜಂಬಿಟ್ಟಿಗೆಯ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ ಎಂಬುದು ಬೇರೆ.

ಈಗ ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ, ಅಂದರೆ ದೀಪಾವಳಿಯ ಆಚೀಚೆಯಿಂದ ಬೇಸಿಗೆಯ ತನಕ, ತುಂಬಿದ ಟ್ರೇಲರ್‌ಗಳು ಜಾಡನ್ನು ಆಳಕ್ಕೆ ಇಳಿಸುತ್ತವೆ. ಮೌಂಟೇನ್ ಬೈಕಿನ ಪೆಡಲ್ ಕೆಳಗೆ ಬಂದಾಗ ನೆಲದಿಂದ ಸುಮಾರು ಅರ್ಧ ಅಡಿ ಮೇಲಿರುತ್ತದೆ. ಜಾಡು ಅದಕ್ಕಿಂತ ಆಳವಿದ್ದರೆ ಪೆಡಲ್ ಅಂಚಿಗೆ ಬಡಿದು ಆಳು ನೆಲಕ್ಕೆ. ಅಂಥಲ್ಲಿ ನಡುವಿನ ದಿಣ್ಣೆ ಹಿಡಿಯಬೇಕು. ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯಲ್ಲಿ ಗರಸು ಹಾಕಿಸಿಕೊಂಡ ದಾರಿಗಳು ಮಾತ್ರ ಮಳೆ ನಿಂತ ಮರುದಿನವೇ ನಡೆಯುತ್ತವೆ.

ಮುಳ್ಳಿಗೆ ಟ್ಯೂಬ್‌ಲೆಸ್ಸೇ ಮದ್ದು. 29 ಇಂಚಿನ 2.25 ಟೈರಿಗೆ 100ರಿಂದ 120 ಮಿಲಿಲೀಟರ್ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಬೇಕು. ನಮ್ಮ ಬಿಸಿಲಿಗೆ ಅದು ಎರಡು ತಿಂಗಳಲ್ಲಿ ಗಟ್ಟಿಯಾಗತೊಡಗುತ್ತದೆ, ಕಡ್ಡಿ ಇಳಿಸಿ ನೋಡಿ ಮೇಲಿಂದ ಹಾಕಬೇಕು. ಎಪ್ಪತ್ತು ಕಿಲೋ ತೂಕದವರಿಗೆ ಮುಂದೆ 22, ಹಿಂದೆ 25 ಪಿಎಸ್‌ಐ ಗಾಳಿ. ಟ್ಯೂಬ್ ಇದ್ದರೆ 30ಕ್ಕಿಂತ ಇಳಿಸಬಾರದು, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು ಎರಡು ತೂತು ಬೀಳುತ್ತವೆ. ಜಾಲಿಮುಳ್ಳು ಕಂಡ ಕೂಡಲೇ ಕೀಳಬೇಡಿ. ಕಿತ್ತರೆ ತೂತನ್ನು ಕೆಳಮುಖ ಮಾಡಿ ಅರ್ಧ ನಿಮಿಷ ನಿಲ್ಲಿಸಿ, ಸೀಲೆಂಟ್ ಅಲ್ಲಿಗೆ ಹರಿಯಲಿ.

ಎರಿ ಮಣ್ಣಿಗೆ ಮದ್ದಿಲ್ಲ. ಒದ್ದೆಯಾದಾಗ ಉಬ್ಬಿ ಅಂಟುವ ಈ ಮಣ್ಣು ಮುಂದಿನ ಫೋರ್ಕ್‌ನಲ್ಲೂ ಹಿಂದಿನ ಚೌಕಟ್ಟಿನಲ್ಲೂ ತುಂಬಿಕೊಂಡು ನೂರು ಮೀಟರಿನೊಳಗೆ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಆಗ ಜೋರಾಗಿ ತುಳಿಯುವುದೇ ದೊಡ್ಡ ತಪ್ಪು. ಕೆಸರು ಮೆತ್ತಿದ ಚೈನು, ಹಿಂದಿನ ಗೇರು ಬದಲಿಸುವ ಡಿರೇಲರನ್ನು ಎಳೆದು ಕಡ್ಡಿಗಳೊಳಗೆ ಸಿಕ್ಕಿಸುತ್ತದೆ, ಅದನ್ನು ಹಿಡಿದಿರುವ ಹ್ಯಾಂಗರ್ ಎಂಬ ಅಲ್ಯೂಮಿನಿಯಂ ತುಂಡು ಪಟ್ಟನೆ ಮುರಿಯುತ್ತದೆ. ಹ್ಯಾಂಗರ್ ಒಂದೊಂದು ಮಾದರಿಗೆ ಒಂದೊಂದು ಆಕಾರ, ಪೇಟೆಯಲ್ಲಿ ಹುಡುಕಿದರೆ ಸಿಗುವ ಖಾತ್ರಿ ಇಲ್ಲ. ಸೈಕಲ್ ಕೊಂಡ ದಿನವೇ ಇನ್ನೊಂದು ತೆಗೆದು ಸೀಟಿನ ಚೀಲದಲ್ಲಿ ಇಡಬೇಕು. ಅದೂ ಇಲ್ಲದೆ ಸಿಕ್ಕಿಬಿದ್ದರೆ ಡಿರೇಲರ್ ಬಿಚ್ಚಿ, ಚೈನನ್ನು ಕತ್ತರಿಸಿ ನಡುವಿನ ಒಂದು ಪಲ್ಲೆಗೆ ನೇರವಾಗಿ ಬಿಗಿ ಕೂರುವಂತೆ ಜೋಡಿಸಿ ಒಂದೇ ಗೇರಿನಲ್ಲಿ ಡಾಂಬರು ಮುಟ್ಟಬಹುದು. ಚೈನ್ ಕತ್ತರಿಸುವ ಉಪಕರಣ ಜೊತೆಗಿದ್ದರೆ ಹತ್ತಿಪ್ಪತ್ತು ನಿಮಿಷದ ಕೆಲಸ, ಇಲ್ಲದಿದ್ದರೆ ಮುಂದಿನ ಊರಿನ ತನಕ ಹೆಗಲ ಮೇಲೆ ಹೊರುವುದೇ.